ಹಾಯಿ ಕಾಲದ ಫ್ರಿಗೇಟ್ ಒಂದರ ಸೇವಾ ಚರಿತ್ರೆಯನ್ನು ಕಟ್ಟುವ ಬಗೆ

ನೆಪೋಲಿಯನ್ ಕಾಲದ ಬ್ರಿಟಿಷ್ ಫ್ರಿಗೇಟ್ ಒಂದರ, ಅಂದರೆ ಮಧ್ಯಮ ಗಾತ್ರದ ವೇಗದ ಯುದ್ಧನೌಕೆಯೊಂದರ, ಸೇವಾ ಚರಿತ್ರೆಯನ್ನು ಬರೆಯಲು ಕುಳಿತವರು ಸಾಮಾನ್ಯವಾಗಿ ಅದು ಪಾಲ್ಗೊಂಡ ಕಾಳಗಗಳಿಂದ ಆರಂಭಿಸುತ್ತಾರೆ. ಆ ದಾರಿ ಹಿಡಿದರೆ ಬರಹ ಬೇಗ ಮುಗಿಯುತ್ತದೆ, ಆದರೆ ನೌಕೆ ಕೈಗೆ ಸಿಗುವುದಿಲ್ಲ. ಫ್ರಿಗೇಟಿನ ಆಯುಷ್ಯದ ಬಹುಪಾಲು ಕಳೆಯುತ್ತಿದ್ದುದು ಶತ್ರು ಬಂದರುಗಳ ಮುಂದಿನ ಕಾವಲಿನಲ್ಲಿ, ವರ್ತಕ ಹಡಗುಗಳ ಬೆಂಗಾವಲಿನಲ್ಲಿ, ಪತ್ರ ಮತ್ತು ಅಧಿಕಾರಿಗಳನ್ನು ಒಂದು ತೀರದಿಂದ ಇನ್ನೊಂದಕ್ಕೆ ಮುಟ್ಟಿಸುವುದರಲ್ಲಿ ಹಾಗೂ ದುರಸ್ತಿಗಾಗಿ ಕಟ್ಟೆಯಲ್ಲಿ ನಿಲ್ಲುವುದರಲ್ಲಿ. ಒಂದು ಕಾಳಗ ಅಲ್ಲಿಯೇ, ಆ ದಿನವೇ ಏಕೆ ನಡೆಯಿತು ಎಂಬ ಪ್ರಶ್ನೆಗೆ ಉತ್ತರ ಸಿಗುವುದೂ ಈ ಸದ್ದಿಲ್ಲದ ತಿಂಗಳುಗಳ ಲೆಕ್ಕದಲ್ಲಿಯೇ. ಆದ್ದರಿಂದ ಈ ಕೈಪಿಡಿಯಲ್ಲಿ ಸೂಚಿಸುವ ಕ್ರಮದಲ್ಲಿ ಮೊದಲು ಸಿದ್ಧವಾಗಬೇಕಾದದ್ದು ನೌಕೆ ಪ್ರತಿ ತಿಂಗಳು ಎಲ್ಲಿತ್ತು, ಯಾರ ಕೈಕೆಳಗಿತ್ತು, ಯಾವ ಸ್ಥಿತಿಯಲ್ಲಿತ್ತು ಎಂಬ ಸರಳ ಪಟ್ಟಿ. ಕಾಳಗಗಳು ಆ ಪಟ್ಟಿಯೊಳಗೆ ತಮ್ಮ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ.

ಉದಾಹರಣೆಗಾಗಿ ಉದ್ದಕ್ಕೂ 'ಸಿಬಿಲ್' ಎಂಬ ಒಂದೇ ನೌಕೆಯನ್ನು ಇಟ್ಟುಕೊಂಡಿದ್ದೇನೆ. 1791ರಲ್ಲಿ ಫ್ರಾನ್ಸಿನ ತುಲೋನ್‌ನಲ್ಲಿ ನೀರಿಗಿಳಿದ ಈ ಫ್ರಿಗೇಟನ್ನು 1794ರ ಜೂನ್ 17ರಂದು ಗ್ರೀಸಿನ ಮಿಕೊನೋಸ್ ದ್ವೀಪದ ಬಳಿ 'ರೋಮ್ನಿ' ಎಂಬ ಬ್ರಿಟಿಷ್ ನೌಕೆ ಸೆರೆಹಿಡಿಯಿತು. ಮುಂದೆ ಅದು ಬ್ರಿಟಿಷ್ ನೌಕಾದಳದ ಪರವಾಗಿ ಮನಿಲಾ, ಮದರಾಸು, ಬಂಗಾಳ ಕೊಲ್ಲಿ, ಸೇಶೆಲ್ಸ್, ಮೆಡಿಟರೇನಿಯನ್ ಮತ್ತು ಪಶ್ಚಿಮ ಆಫ್ರಿಕದ ನೀರಿನಲ್ಲಿ ಸೇವೆ ಸಲ್ಲಿಸಿ 1833ರಲ್ಲಿ ಮಾರಾಟವಾಯಿತು. ಮೈಸೂರಿನ ನಾಲ್ಕನೆಯ ಯುದ್ಧದ ತಿಂಗಳುಗಳಲ್ಲಿ ಅದು ಭಾರತದ ಪೂರ್ವ ಕರಾವಳಿಯಲ್ಲಿತ್ತು. ಶ್ರೀರಂಗಪಟ್ಟಣದ ಪತನವನ್ನು ನೆಲದ ಕಡೆಯಿಂದಷ್ಟೇ ಓದಿಕೊಂಡು ಬಂದಿರುವ ನಮಗೆ ಅದೇ ಕಥೆಯನ್ನು ಕಡಲ ಕಡೆಯಿಂದ ನೋಡಲು ಈ ನೌಕೆ ಒಳ್ಳೆಯ ಅವಕಾಶ ಕೊಡುತ್ತದೆ.

ಮೊದಲು ನೌಕೆಯನ್ನು ಖಚಿತವಾಗಿ ಗುರುತಿಸಿಕೊಳ್ಳಿ

ಒಂದೇ ಹೆಸರನ್ನು ಹಲವು ನೌಕೆಗಳು ಹೊತ್ತಿರುವುದು ಸಾಮಾನ್ಯ. 1783ರಲ್ಲಿ ಬ್ರಿಟಿಷ್ 'ಹುಸಾರ್' ಸೆರೆಹಿಡಿದ ಫ್ರೆಂಚ್ ಫ್ರಿಗೇಟಿನ ಹೆಸರೂ ಸಿಬಿಲ್ ಎಂದೇ ಇತ್ತು. 1847ರಲ್ಲಿ ಬ್ರಿಟಿಷರೇ ಕಟ್ಟಿದ ಇನ್ನೊಂದು ಸಿಬಿಲ್ ಇದೆ. ಹೆಸರಿನ ಅಕ್ಷರಗಳೂ ಒಂದೇ ರೀತಿ ಇರುವುದಿಲ್ಲ: ಒಬ್ಬ ಗುಮಾಸ್ತ 'ಲಾ ಸಿಬಿಲ್' ಎಂದು ಬರೆದರೆ ಇನ್ನೊಬ್ಬ ಸ್ವರಾಕ್ಷರಗಳನ್ನು ಅದಲುಬದಲು ಮಾಡಿರುತ್ತಾನೆ, ಮತ್ತೊಬ್ಬ ಒಂದು ಎಲ್ ಅಕ್ಷರವನ್ನು ಬಿಟ್ಟಿರುತ್ತಾನೆ. ಪತ್ರಾಗಾರದ ಸೂಚಿಯಲ್ಲಿ ಹುಡುಕುವಾಗ ಈ ಎಲ್ಲ ರೂಪಗಳನ್ನೂ ಪ್ರಯತ್ನಿಸಬೇಕು. ಹೆಸರಿನ ಜೊತೆಗೆ ನೀರಿಗಿಳಿದ ವರ್ಷ, ಕಟ್ಟಿದ ಸ್ಥಳ ಮತ್ತು ಸೇವೆಯಿಂದ ಹೊರಬಿದ್ದ ವರ್ಷ ಈ ಮೂರನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದಿಟ್ಟುಕೊಂಡರೆ ಬೇರೆ ನೌಕೆಯ ಕಡತ ಕೈಗೆ ಬಂದಾಗ ತಕ್ಷಣ ತಿಳಿಯುತ್ತದೆ.

ತೋಪುಗಳ ಸಂಖ್ಯೆಯನ್ನು ಗುರುತಾಗಿ ಬಳಸುವಾಗ ಎಚ್ಚರಿಕೆ ಬೇಕು. ಒಂದು ಫ್ರಿಗೇಟಿಗೆ 38 ತೋಪಿನದು, 44 ತೋಪಿನದು ಎಂಬ ದರ್ಜೆ ಇದ್ದರೂ ಅದು ಹೊತ್ತಿದ್ದ ತೋಪುಗಳು ಅಷ್ಟೇ ಇರುತ್ತಿರಲಿಲ್ಲ. ಹತ್ತಿರದ ಹೊಡೆತಕ್ಕೆ ಬಳಸುತ್ತಿದ್ದ ಗಿಡ್ಡ ತೋಪುಗಳಾದ ಕ್ಯಾರನೇಡ್‌ಗಳನ್ನು 1817ರವರೆಗೆ ಬ್ರಿಟಿಷ್ ದರ್ಜೆಯ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಅಳತೆಗಳ ವಿಷಯದಲ್ಲಿಯೂ ಹೀಗೆಯೇ: ಫ್ರೆಂಚ್ ಅಡಿ ಸುಮಾರು 32.5 ಸೆಂಟಿಮೀಟರ್, ಇಂಗ್ಲಿಷ್ ಅಡಿ 30.5 ಸೆಂಟಿಮೀಟರ್. ಒಂದೇ ನೌಕೆಯ ಉದ್ದ ಎರಡು ದೇಶಗಳ ಕಾಗದಗಳಲ್ಲಿ ಬೇರೆಬೇರೆಯಾಗಿ ಕಂಡರೆ ತಪ್ಪು ಯಾರದೆಂದು ಹುಡುಕುವ ಮೊದಲು ಅಡಿ ಯಾರದೆಂದು ನೋಡಬೇಕು.

ಚೌಕಟ್ಟು ಹಾಕುವುದು

ಬ್ರಿಟಿಷ್ ನೌಕಾದಳದಲ್ಲಿ ನೌಕೆಯ ಬಾಳು ಕಮಿಷನ್‌ಗಳಾಗಿ ಹಂಚಿಹೋಗಿರುತ್ತದೆ. ಕ್ಯಾಪ್ಟನ್ ನೇಮಕವಾಗಿ, ಜನ ಸೇರಿ, ಸಾಮಗ್ರಿ ತುಂಬಿ ನೌಕೆ ಹೊರಡುವಲ್ಲಿ ಒಂದು ಕಮಿಷನ್ ಆರಂಭವಾಗುತ್ತದೆ. ಸಂಬಳ ತೀರಿಸಿ ಜನರನ್ನು ಕಳಿಸಿಕೊಟ್ಟಾಗ ಅದು ಮುಗಿಯುತ್ತದೆ. ಎರಡು ಕಮಿಷನ್‌ಗಳ ನಡುವೆ ನೌಕೆ ಹಾಯಿಕಂಬಗಳನ್ನು ಕಳಚಿಕೊಂಡು, ಕೆಲವೇ ಕಾವಲುಗಾರರೊಡನೆ ಬಂದರಿನಲ್ಲಿ ನಿಂತಿರುತ್ತದೆ. ಅಂಥ ಅವಧಿಗೆ ನೌಕೆಯ ದಿನಚರಿಯಾದ ಲಾಗ್ ಪುಸ್ತಕವಿಲ್ಲ ಎಂದರೆ ದಾಖಲೆ ಕಳೆದುಹೋಗಿದೆ ಎಂದು ತಿಳಿಯಬಾರದು. ಆಗ ನೌಕೆ ಹೊರಟೇ ಇರಲಿಲ್ಲ.

ಈ ಚೌಕಟ್ಟಿಗೆ ಬೇಕಾದ ಸಾಮಗ್ರಿ ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ನೌಕಾದಳದ ಕಾಗದಗಳೆಲ್ಲ ಅಲ್ಲಿ ಎಡಿಎಂ ಎಂಬ ಗುರುತಿನಡಿ ಸರಣಿಗಳಾಗಿ ಜೋಡಣೆಗೊಂಡಿವೆ. ಎಡಿಎಂ 8ರ ಪಟ್ಟಿಗಳಲ್ಲಿ ನೌಕೆಗಳು ಎಲ್ಲೆಲ್ಲಿ ನಿಯೋಜಿತವಾಗಿದ್ದವು ಎಂಬುದು ತಿಂಗಳ ಲೆಕ್ಕದಲ್ಲಿ ಸಿಗುತ್ತದೆ. ಎಡಿಎಂ 180ರ ಪುಸ್ತಕಗಳಲ್ಲಿ ನೌಕೆ ಯಾವಾಗ ದುರಸ್ತಿ ಕಟ್ಟೆಗೆ ಬಂತು, ತಳಕ್ಕೆ ತಾಮ್ರದ ತಗಡನ್ನು ಯಾವಾಗ ಹೊದಿಸಿದರು, ಯಾವಾಗ ಹೊರಟಿತು, ಖರ್ಚು ಎಷ್ಟಾಯಿತು ಎಂಬ ವಿವರಗಳಿವೆ. ಇವೆರಡನ್ನು ಸೇರಿಸಿ, ವರ್ಷಕ್ಕೆ ಹನ್ನೆರಡು ಮನೆಗಳಂತೆ ಗೆರೆ ಹಾಕಿದ ಪಟ್ಟಿಯೊಂದನ್ನು ತುಂಬುತ್ತ ಹೋಗಬೇಕು. ಪತ್ರಾಗಾರದ ಸೂಚಿಯನ್ನು ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು, ಆದರೆ ಸರಣಿಗಳ ಬಹುಪಾಲು ಮೂಲ ಪುಟಗಳನ್ನು ಅಲ್ಲಿಯೇ ಹೋಗಿ ಓದಬೇಕು ಅಥವಾ ಹಣ ಕೊಟ್ಟು ಪ್ರತಿ ತರಿಸಬೇಕು. ಇಂಗ್ಲೆಂಡಿನಲ್ಲಿರುವ ಕನ್ನಡಿಗ ಬಂಧುಮಿತ್ರರಿದ್ದರೆ ಅವರು ಓದುಗರ ಚೀಟಿ ಮಾಡಿಸಿಕೊಂಡು ಪುಟಗಳ ಫೋಟೊ ತೆಗೆದು ಕಳಿಸಬಹುದು. ಯಾವ ಸರಣಿ, ಯಾವ ಸಂಪುಟ ಎಂದು ಮೊದಲೇ ಖಚಿತವಾಗಿ ಬರೆದುಕೊಟ್ಟರೆ ಮಾತ್ರ ಅವರ ಒಂದು ದಿನ ಸಾರ್ಥಕವಾಗುತ್ತದೆ.

ಪಟ್ಟಿಗಳಲ್ಲಿ ಒಂದು ದೋಷವಿದೆ. ಭಾರತದಿಂದ ಲಂಡನ್ನಿಗೆ ಪತ್ರ ಮುಟ್ಟಲು ಹಲವು ತಿಂಗಳು ಹಿಡಿಯುತ್ತಿದ್ದುದರಿಂದ, ದೂರದ ನೌಕೆಗಳ ಬಗ್ಗೆ ಲಂಡನ್ನಿನ ಗುಮಾಸ್ತರಿಗಿದ್ದ ತಿಳಿವಳಿಕೆ ಅಷ್ಟು ತಿಂಗಳು ಹಳೆಯದು. ಆದ್ದರಿಂದ ಪಟ್ಟಿಯಿಂದ ತುಂಬಿದ ಮನೆಗಳನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಲಾಗ್ ನೋಡಿದ ಮೇಲೆಯೇ ಶಾಯಿ.

ಲಾಗ್ ಪುಸ್ತಕವನ್ನು ಓದುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದೂ ಹೆಚ್ಚು ಕೊಡುವುದೂ ಲಾಗ್ ಪುಸ್ತಕಗಳೇ. ಒಂದೇ ನೌಕೆಗೆ ಮೂರು ಬಗೆಯ ಲಾಗ್‌ಗಳಿರುತ್ತವೆ. ಕ್ಯಾಪ್ಟನ್ನನ ಲಾಗ್ ಎಡಿಎಂ 51ರಲ್ಲಿದೆ. ಅದು ಸಾಮಾನ್ಯವಾಗಿ ದಿನಕ್ಕೊಂದು ಅಡಕವಾದ ದಾಖಲೆ. ನೌಕೆಯ ದಾರಿಯ ಹೊಣೆ ಹೊತ್ತ ಮಾಸ್ಟರ್ ಎಂಬ ಅಧಿಕಾರಿಯ ಲಾಗ್ ಎಡಿಎಂ 52ರಲ್ಲಿದೆ. ಲೆಫ್ಟಿನೆಂಟರ ಲಾಗ್‌ಗಳು ಮಾತ್ರ ಕ್ಯೂನಲ್ಲಿಲ್ಲ. ಅವು ಗ್ರೀನಿಚ್‌ನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದಲ್ಲಿವೆ. ಒಂದನ್ನೇ ಓದಬೇಕಾಗಿ ಬಂದರೆ ನಾನು ಮಾಸ್ಟರನ ಲಾಗನ್ನು ಆರಿಸಿಕೊಳ್ಳುತ್ತೇನೆ. ಕ್ಯಾಪ್ಟನ್ನನ ಲಾಗ್ ಮೇಲಧಿಕಾರಿಗಳ ಕಣ್ಣಿಗೆ ಬೀಳಲಿರುವ ಬರಹ. ಮಾಸ್ಟರನಿಗೆ ಹಡಗು ನೆಲಕ್ಕೆ ತಾಗದಂತೆ ನೋಡಿಕೊಳ್ಳುವುದೇ ಮುಖ್ಯವಾಗಿದ್ದುದರಿಂದ ಅವನು ಗಂಟೆ ಗಂಟೆಗೂ ಬರೆಯುತ್ತಾನೆ.

ಮಾಸ್ಟರನ ಲಾಗಿನ ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಎಡಗಡೆಯ ಮೊದಲ ಅಂಕಣದಲ್ಲಿ ಎಚ್ ಎಂಬ ತಲೆಬರಹದಡಿ ಗಂಟೆಗಳು, ಪಕ್ಕದಲ್ಲಿ ಕೆ ಮತ್ತು ಎಫ್ ಎಂಬ ಎರಡು ಕಿರಿದಾದ ಅಂಕಣಗಳಲ್ಲಿ ವೇಗ. ವೇಗವನ್ನು ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು ಅಳೆಯುತ್ತಿದ್ದರು. ಕೆ ಎಂದರೆ ಗಂಟುಗಳು, ಎಫ್ ಎಂದರೆ ಎರಡು ಗಂಟುಗಳ ನಡುವಿನ ಭಾಗವನ್ನು ತಿಳಿಸುವ ಫ್ಯಾದಮ್‌ಗಳು. ನಂತರ ನೌಕೆ ಹೋಗುತ್ತಿದ್ದ ದಿಕ್ಕು, ಗಾಳಿ ಬೀಸುತ್ತಿದ್ದ ದಿಕ್ಕು. ಬಲಗಡೆಯ ಅಗಲ ಅಂಕಣದಲ್ಲಿ ಟಿಪ್ಪಣಿಗಳು. ಪುಟದ ಕೆಳಗೆ ಮಧ್ಯಾಹ್ನದ ಹೊತ್ತಿಗೆ ನೌಕೆ ಇದ್ದ ಅಕ್ಷಾಂಶ, ರೇಖಾಂಶ ಮತ್ತು ಹತ್ತಿರದ ನೆಲದ ಗುರುತು. ಮೊದಲ ಓದಿನಲ್ಲಿ ಈ ಕೆಳಗಿನ ಸಾಲನ್ನಷ್ಟೇ ಎತ್ತಿಕೊಳ್ಳಿ. ದಿನಕ್ಕೊಂದು ಬಿಂದುವಿನಂತೆ ನಕ್ಷೆಯ ಮೇಲೆ ಗುರುತು ಹಾಕಿದರೆ ಒಂದು ತಿಂಗಳ ಪಯಣ ಕಣ್ಣೆದುರು ಮೂಡುತ್ತದೆ. ರೇಖಾಂಶವನ್ನು ಗ್ರೀನಿಚ್‌ನಿಂದ ಎಣಿಸಿದ್ದಾರೆಯೇ ಅಥವಾ ಕೊನೆಯದಾಗಿ ಕಂಡ ಭೂಶಿರದಿಂದ ಎಣಿಸಿದ್ದಾರೆಯೇ ಎಂಬುದನ್ನು ಗಮನಿಸಬೇಕು. ಫ್ರೆಂಚ್ ಲಾಗ್‌ಗಳಲ್ಲಿ ಎಣಿಕೆ ಪ್ಯಾರಿಸ್‌ನಿಂದ, ಅಂದರೆ ಗ್ರೀನಿಚ್‌ಗಿಂತ ಸುಮಾರು 2 ಡಿಗ್ರಿ 20 ಮಿನಿಟ್ ಪೂರ್ವದಿಂದ, ಆರಂಭವಾಗುತ್ತದೆ.

ಎರಡನೆಯ ಓದು ಟಿಪ್ಪಣಿಗಳಿಗೆ ಮೀಸಲು. ಸಾಧಾರಣ ಗಾಳಿ, ತಿಳಿ ಆಕಾಶ. ಜನರು ಅಗತ್ಯದ ಕೆಲಸಗಳಲ್ಲಿ ತೊಡಗಿದ್ದಾರೆ. ಹಾಯಿಗಳ ದುರಸ್ತಿ ನಡೆದಿದೆ: ಇಂಥ ವಾಕ್ಯಗಳು ನೂರಾರು ಸಲ ಮರಳಿ ಬರುತ್ತವೆ, ಅವುಗಳಿಂದ ಬೇಸರಪಡಬಾರದು. ಮಾಂಸದ ಪೀಪಾಯಿ ತೆರೆದಾಗ ಅದರ ಸಂಖ್ಯೆ, ಒಳಗಿರಬೇಕಾದ ತುಂಡುಗಳೆಷ್ಟು, ಕಡಿಮೆ ಬಂದದ್ದೆಷ್ಟು ಎಂಬುದನ್ನು ಕೂಡ ಬರೆದಿಡುತ್ತಿದ್ದರು. ನೀರಿನ ಉಳಿಕೆಯ ಲೆಕ್ಕವಿರುತ್ತದೆ. ಯಾರಿಗೆ ಎಷ್ಟು ಚಾಟಿಯೇಟಿನ ಶಿಕ್ಷೆಯಾಯಿತು, ಯಾವ ತಪ್ಪಿಗೆ ಆಯಿತು ಎಂಬುದಿರುತ್ತದೆ. ಈ ಟಿಪ್ಪಣಿಗಳ ನಡುವೆ ತೋಪುಗಳ ಅಭ್ಯಾಸ ನಡೆದ ದಿನಗಳನ್ನು ಬೇರೆ ಹಾಳೆಯಲ್ಲಿ ಎತ್ತಿ ಬರೆಯುವುದನ್ನು ನಾನು ವಿಶೇಷವಾಗಿ ಒತ್ತಿ ಹೇಳುತ್ತೇನೆ. ಸಿಬಿಲ್‌ನ ಮುಖ್ಯ ತೋಪುಗಳು 18 ಪೌಂಡಿನ ಗುಂಡು ಹಾರಿಸುತ್ತಿದ್ದವು. ಅದು 1799ರಲ್ಲಿ ಎದುರಿಸಿದ 'ಲಾ ಫೋರ್ಟ್' ಎಂಬ ಫ್ರೆಂಚ್ ಫ್ರಿಗೇಟಿನವು 24 ಪೌಂಡಿನವು. ಬಲದಲ್ಲಿ ಮೇಲುಗೈ ಇದ್ದ ನೌಕೆ ಸೋತಿತು. ಬ್ರಿಟಿಷ್ ವರದಿಗಳ ಪ್ರಕಾರ ಸಿಬಿಲ್‌ನಲ್ಲಿ 5 ಮಂದಿ ಸತ್ತು 17 ಮಂದಿ ಗಾಯಗೊಂಡರೆ, ಲಾ ಫೋರ್ಟ್‌ನಲ್ಲಿ ಸತ್ತವರೇ 65 ಮಂದಿ, ಗಾಯಗೊಂಡವರು 80 ಮಂದಿ. ಇಷ್ಟು ದೊಡ್ಡ ಅಂತರಕ್ಕೆ ಧೈರ್ಯ, ಅದೃಷ್ಟ ಎಂಬ ಪದಗಳನ್ನು ಮುಂದಿಡುವ ಮೊದಲು, ಹಿಂದಿನ ಒಂದು ವರ್ಷದ ಲಾಗಿನಲ್ಲಿ ತೋಪಿನ ಅಭ್ಯಾಸ ಎಷ್ಟು ಸಲ ನಡೆದಿದೆ ಎಂದು ಎಣಿಸಿ ನೋಡುವುದು ಸೇವಾ ಚರಿತ್ರೆ ಬರೆಯುವವರ ಕರ್ತವ್ಯ.

ದಿನಾಂಕಗಳನ್ನು ಸರಿಪಡಿಸಿಕೊಳ್ಳುವುದು

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 1805ರ ಅಕ್ಟೋಬರ್‌ನಲ್ಲಿ ಲಂಡನ್ನಿನ ನೌಕಾ ಆಡಳಿತ ಆದೇಶ ಹೊರಡಿಸಿ ಬದಲಾಯಿಸುವವರೆಗೆ ಬ್ರಿಟಿಷ್ ನೌಕೆಗಳ ದಿನ ಮಧ್ಯಾಹ್ನ 12 ಗಂಟೆಗೆ ಆರಂಭವಾಗಿ ಮರುದಿನ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು, ಮತ್ತು ಆ ಇಡೀ ದಿನಕ್ಕೆ ಮರುದಿನದ ದಿನಾಂಕವನ್ನೇ ಕೊಡುತ್ತಿದ್ದರು. ಅಂದರೆ ನೆಲದ ಲೆಕ್ಕದಲ್ಲಿ ಫೆಬ್ರುವರಿ 28ರ ಮಧ್ಯಾಹ್ನ ಕಳೆದ ಕೂಡಲೇ ನೌಕೆಯ ಲಾಗಿನಲ್ಲಿ ಮಾರ್ಚ್ 1 ಆರಂಭವಾಗುತ್ತದೆ. ಬೆಳಗಿನ ಹೊತ್ತಿನ ಘಟನೆಗಳಿಗೆ ಎರಡೂ ಲೆಕ್ಕಗಳ ದಿನಾಂಕ ಒಂದೇ. ಮಧ್ಯಾಹ್ನದಿಂದ ನಡುರಾತ್ರಿಯವರೆಗಿನ ಘಟನೆಗಳಿಗೆ ಮಾತ್ರ ಲಾಗಿನ ದಿನಾಂಕದಿಂದ ಒಂದನ್ನು ಕಳೆಯಬೇಕು. 1805ರ ಆದೇಶವೂ ದೂರದ ನೌಕೆಗಳಿಗೆ ಒಂದೇ ದಿನ ಮುಟ್ಟಿರಲಿಲ್ಲ. ಅದೇ ತಿಂಗಳ 21ರಂದು ಟ್ರಫಾಲ್ಗರ್‌ನಲ್ಲಿ ಹೋರಾಡಿದ ನೌಕೆಗಳ ಲಾಗ್‌ಗಳು ಇನ್ನೂ ಹಳೆಯ ಕ್ರಮದಲ್ಲಿಯೇ ಇವೆ.

ಸಿಬಿಲ್ ಮತ್ತು ಲಾ ಫೋರ್ಟ್ ನಡುವಿನ ಕಾಳಗ ಇದಕ್ಕೆ ತಕ್ಕ ಉದಾಹರಣೆ. ಫೆಬ್ರುವರಿ 28ರ ರಾತ್ರಿ ಬಾಲಸೋರ್ ಸಮೀಪದ ಕಡಲಿನಲ್ಲಿ ದೂರದಲ್ಲಿ ಬೆಳಕು ಹೊಳೆದಾಗ ಸಿಬಿಲ್‌ನವರು ಅದನ್ನು ಮೊದಲು ಮಿಂಚೆಂದು ಭಾವಿಸಿದರು, ಆಮೇಲೆ ಅದು ತೋಪಿನ ಬೆಂಕಿಯೆಂದು ಅರಿತರು. ಲಾ ಫೋರ್ಟ್ ಆಗಷ್ಟೇ ಎರಡು ವರ್ತಕ ಹಡಗುಗಳನ್ನು ಹಿಡಿದಿತ್ತು. ಸಿಬಿಲ್‌ನ ಕ್ಯಾಪ್ಟನ್ ಎಡ್ವರ್ಡ್ ಕುಕ್ ಕತ್ತಲಿನಲ್ಲಿ ನೌಕೆಯನ್ನು ಶತ್ರುವಿನ ಹಿಂಬದಿಗೆ ತಂದು ತೀರ ಹತ್ತಿರದಿಂದ ಗುಂಡು ಹಾರಿಸಿದ್ದು ನಡುರಾತ್ರಿ ಕಳೆದ ಮೇಲೆ. ಅಷ್ಟು ಹೊತ್ತಿಗೆ ನೆಲದ ಲೆಕ್ಕದಲ್ಲಿಯೂ ಮಾರ್ಚ್ 1 ಆಗಿತ್ತು. ಆದರೂ ಎಷ್ಟೋ ವರ್ಷಗಳ ನಂತರ ಉಳಿದ ಹಳೆಯ ನಾವಿಕರಿಗೆ ಕೊಟ್ಟ ಪದಕದ ರಿಬ್ಬನ್ನಿಗೆ ಹಾಕುವ ಲೋಹದ ಪಟ್ಟಿಯ ಮೇಲೆ ಕೆತ್ತಿರುವುದು 1799ರ ಫೆಬ್ರುವರಿ 28 ಎಂದು. ಫ್ರೆಂಚ್ ಕಾಗದಗಳಲ್ಲಿ ಅದೇ ರಾತ್ರಿ, ಕ್ರಾಂತಿಯ ನಂತರ ಫ್ರಾನ್ಸ್ ಬಳಸುತ್ತಿದ್ದ ಪಂಚಾಂಗದಂತೆ, ಗಣರಾಜ್ಯದ ಏಳನೆಯ ವರ್ಷದ ವಾಂತೋಸ್ ತಿಂಗಳ 10 ಮತ್ತು 11 ಎಂದಿರುತ್ತದೆ. ಇಂಥಲ್ಲಿ ಒಂದು ದಿನಾಂಕವನ್ನು ಸರಿಯೆಂದು ಆರಿಸಿ ಮಿಕ್ಕವನ್ನು ಬಿಡಬಾರದು. ಫೆಬ್ರುವರಿ 28ರ ರಾತ್ರಿಯಿಂದ ಮಾರ್ಚ್ 1ರ ನಸುಕಿನವರೆಗೆ ಎಂದು ಗಂಟೆಗಳ ಸಮೇತ ಬರೆದರೆ ಎಲ್ಲ ದಾಖಲೆಗಳೂ ಪರಸ್ಪರ ಹೊಂದುತ್ತವೆ.

ಇದೇ ನೌಕೆಯ ಮನಿಲಾ ಪ್ರಕರಣದಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. 1798ರ ಜನವರಿಯಲ್ಲಿ ಸಿಬಿಲ್ ಮತ್ತು 'ಫಾಕ್ಸ್' ಎಂಬ ಎರಡು ಫ್ರಿಗೇಟುಗಳು ಫ್ರೆಂಚ್ ನೌಕೆಗಳ ವೇಷದಲ್ಲಿ ಮನಿಲಾ ಕೊಲ್ಲಿಯೊಳಗೆ ನುಗ್ಗಿ, ವಿಚಾರಿಸಲು ಬಂದ ಸ್ಪ್ಯಾನಿಷ್ ದೋಣಿಗಳನ್ನೂ ಅಧಿಕಾರಿಗಳನ್ನೂ ಹಿಡಿದುಕೊಂಡವು. ಸ್ಪ್ಯಾನಿಷರು ಫಿಲಿಪ್ಪೀನ್ಸಿಗೆ ಬರುತ್ತಿದ್ದುದು ಮೆಕ್ಸಿಕೊ ಕಡೆಯಿಂದ ಪೆಸಿಫಿಕ್ ದಾಟಿಕೊಂಡು. ಆದ್ದರಿಂದ 1844ರ ಕೊನೆಯವರೆಗೂ ಮನಿಲಾದ ಪಂಚಾಂಗ ಏಷ್ಯಾದ ಇತರ ಬಂದರುಗಳಿಗಿಂತ ಒಂದು ದಿನ ಹಿಂದಿತ್ತು. ಬ್ರಿಟಿಷ್ ಲಾಗಿನ ದಿನಾಂಕಕ್ಕೂ ಸ್ಪ್ಯಾನಿಷ್ ವರದಿಯ ದಿನಾಂಕಕ್ಕೂ ಅಲ್ಲಿ ಒಂದು ದಿನದ ವ್ಯತ್ಯಾಸ ಇದ್ದೇ ಇರುತ್ತದೆ, ಮಧ್ಯಾಹ್ನದ ನಂತರದ ಘಟನೆಗಳಿಗೆ ಅದು ಎರಡು ದಿನವೂ ಆಗಬಹುದು.

ನೌಕೆಯಲ್ಲಿದ್ದ ಜನ

ಹಾಜರಿ ಪುಸ್ತಕಗಳು ಎಡಿಎಂ 36 ಮತ್ತು 37ರ ಸರಣಿಗಳಲ್ಲಿವೆ. ಪ್ರತಿಯೊಬ್ಬನಿಗೆ ಒಂದು ಸಂಖ್ಯೆ, ಅವನು ಸೇರಿದ ದಿನ, ಸ್ವಇಚ್ಛೆಯಿಂದ ಬಂದವನೇ ಬಲವಂತವಾಗಿ ಹಿಡಿದು ತಂದವನೇ ಎಂಬ ಗುರುತು, ಹುಟ್ಟಿದ ಊರು, ಸೇರುವಾಗಿನ ವಯಸ್ಸು, ದರ್ಜೆ ಇವು ಸಾಲಾಗಿ ಇರುತ್ತವೆ. ಕೊನೆಯ ಅಂಕಣಗಳಲ್ಲಿರುವ ಒಂದೆರಡು ಅಕ್ಷರಗಳು ಬಹಳ ಮುಖ್ಯ: ಡಿ ಎಂದಿದ್ದರೆ ಬೇರೆಡೆಗೆ ಕಳಿಸಲಾಯಿತು, ಡಿಡಿ ಎಂದಿದ್ದರೆ ಸತ್ತನು, ಆರ್ ಎಂದಿದ್ದರೆ ಓಡಿಹೋದನು. ಒಂದು ವರ್ಷದ ಡಿಡಿಗಳನ್ನು ತಿಂಗಳವಾರು ಜೋಡಿಸಿದರೆ ನೌಕೆಯೊಳಗೆ ಜ್ವರ ಹೊಕ್ಕ ಹೊತ್ತು ಗೊತ್ತಾಗುತ್ತದೆ, ಲಾಗ್ ಅದರ ಬಗ್ಗೆ ಒಂದು ಮಾತನ್ನೂ ಹೇಳದಿದ್ದರೂ.

ಮುಖ್ಯ ಪಟ್ಟಿ ಮುಗಿದ ಮೇಲೆ ಹೆಚ್ಚುವರಿ ಜನರ ಪಟ್ಟಿ ಬರುತ್ತದೆ. ಅನೇಕರು ಅದನ್ನು ತಿರುವಿ ನೋಡುವುದೇ ಇಲ್ಲ. ನೌಕೆಯ ಸಿಬ್ಬಂದಿಯಲ್ಲದೆ ಊಟಕ್ಕೆ ಲೆಕ್ಕವಾದ ಸೈನಿಕರು, ಪ್ರಯಾಣಿಕರು, ಸೆರೆಯಾಳುಗಳು ಅಲ್ಲಿ ಸಿಗುತ್ತಾರೆ. 1798ರ ಡಿಸೆಂಬರ್ ಕೊನೆಯಲ್ಲಿ ಗವರ್ನರ್ ಜನರಲ್ ಮಾರ್ನಿಂಗ್ಟನ್, ಮುಂದೆ ವೆಲ್ಲೆಸ್ಲಿ ಎಂದು ಪ್ರಸಿದ್ಧನಾದವನು, ಟಿಪ್ಪುವಿನ ಮೇಲಿನ ಯುದ್ಧವನ್ನು ಹತ್ತಿರದಿಂದ ನಡೆಸುವ ಉದ್ದೇಶದಿಂದ ಕಲ್ಕತ್ತೆಯಿಂದ ಮದರಾಸಿಗೆ ಪ್ರಯಾಣ ಮಾಡಿದ್ದು ಸಿಬಿಲ್‌ನಲ್ಲಿಯೇ. ಎರಡು ತಿಂಗಳ ನಂತರ ಲಾ ಫೋರ್ಟ್ ಜೊತೆಗಿನ ಕಾಳಗದಲ್ಲಿ ಸತ್ತವರಲ್ಲಿ ಅದೇ ಮಾರ್ನಿಂಗ್ಟನ್ನನ ಆಪ್ತ ಸೇನಾಧಿಕಾರಿ ಕ್ಯಾಪ್ಟನ್ ಡೇವಿಸ್ ಕೂಡ ಒಬ್ಬ. ಸ್ಕಾಚ್ ಬ್ರಿಗೇಡಿನ ಒಂದಷ್ಟು ಸೈನಿಕರೂ ಆ ರಾತ್ರಿ ನೌಕೆಯಲ್ಲಿದ್ದರು. ನೆಲದ ಸೈನ್ಯದವರು ನೌಕೆಯ ಮೇಲೆ ಏಕಿದ್ದರು ಎಂದು ಕೇಳಿಕೊಂಡವರಿಗಷ್ಟೇ ಇಂಥ ಎಳೆಗಳು ಕಾಣುತ್ತವೆ.

ಪತ್ರಗಳು, ಗೆಜೆಟ್ ಮತ್ತು ಮಂಗಳೂರಿನ ಎಳೆ

ನೌಕೆ ಎಲ್ಲಿತ್ತು ಎಂಬುದನ್ನು ಲಾಗ್ ಹೇಳುತ್ತದೆ. ಏಕೆ ಅಲ್ಲಿತ್ತು ಎಂಬುದನ್ನು ಪತ್ರಗಳು ಹೇಳುತ್ತವೆ. ಕ್ಯಾಪ್ಟನ್‌ಗಳು ಲಂಡನ್ನಿಗೆ ಬರೆದ ಪತ್ರಗಳು ಎಡಿಎಂ 1ರಲ್ಲಿ ಅವರ ಹೆಸರಿನ ಮೊದಲಕ್ಷರದ ಪ್ರಕಾರ ಕಟ್ಟುಗಳಾಗಿವೆ. ಆದರೆ ಪೂರ್ವದ ಸಮುದ್ರಗಳಲ್ಲಿದ್ದ ನೌಕೆಯ ಬಗ್ಗೆ ಹುಡುಕುವಾಗ ಕ್ಯಾಪ್ಟನ್ನನ ಕಟ್ಟು ತೆಳ್ಳಗಿದ್ದರೆ ನಿರಾಶರಾಗಬೇಡಿ. ದೂರದ ನೆಲೆಗಳಲ್ಲಿ ಕ್ಯಾಪ್ಟನ್ ಬರೆಯುತ್ತಿದ್ದುದು ತನ್ನ ಮೇಲಿನ ಅಡ್ಮಿರಲ್‌ಗೆ. ಅಡ್ಮಿರಲ್ ಅದನ್ನು ತನ್ನ ಪತ್ರದೊಳಗೆ ಸೇರಿಸಿ ಲಂಡನ್ನಿಗೆ ಕಳಿಸುತ್ತಿದ್ದನು. ಸಿಬಿಲ್‌ನ ಮಟ್ಟಿಗೆ ಆ ಅಡ್ಮಿರಲ್ ಪೀಟರ್ ರೈನಿಯರ್, ಹಾಗಾಗಿ ಕುಕ್‌ನ ಕಾಗದಗಳನ್ನು ರೈನಿಯರ್‌ನ ಸಂಪುಟಗಳಲ್ಲಿ ಹುಡುಕಬೇಕು. ಇದರ ಜೊತೆಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ದಾಖಲೆಗಳನ್ನೂ ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿರುವ ಮದರಾಸು ಸರ್ಕಾರದ ಕಾಗದಗಳನ್ನೂ ನೋಡಬೇಕು; ಬೆಂಗಳೂರು, ಮೈಸೂರಿನ ಓದುಗರಿಗೆ ಒಂದು ರಾತ್ರಿಯ ರೈಲಿನ ದೂರದಲ್ಲಿರುವುದು ಈ ಕೊನೆಯದು.

1799ರ ಆರಂಭದಲ್ಲಿ ಬಂಗಾಳ ಕೊಲ್ಲಿಯಲ್ಲಿ ಇಷ್ಟು ದೊಡ್ಡ ಫ್ರೆಂಚ್ ನೌಕೆಯನ್ನು ಎದುರಿಸಲು ಸಿಬಿಲ್ ಒಂಟಿಯಾಗಿ ಹೊರಟದ್ದೇಕೆ ಎಂಬುದನ್ನು ಬಿಡಿಸಲು ಹೋದರೆ ಎಳೆ ಮಂಗಳೂರಿಗೆ ಬಂದು ಮುಟ್ಟುತ್ತದೆ. 1798ರ ಜನವರಿಯಲ್ಲಿ ಇಂದಿನ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟಿಪ್ಪುವಿನ ಸೇವೆಗೆ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಪ್ರಕಟಿಸಿದನು. ಅದೇ ಏಪ್ರಿಲ್‌ನಲ್ಲಿ 'ಪ್ರೆನೂಸ್' ಎಂಬ ಫ್ರೆಂಚ್ ಫ್ರಿಗೇಟ್ ಟಿಪ್ಪುವಿನ ರಾಯಭಾರಿಗಳನ್ನೂ ನೂರರಷ್ಟು ಸ್ವಯಂಸೇವಕರನ್ನೂ ಮಂಗಳೂರಿನಲ್ಲಿ ಇಳಿಸಿತು. ದಾರಿಯಲ್ಲಿ ತಲಚೇರಿಯ ಬಳಿ ಈಸ್ಟ್ ಇಂಡಿಯಾ ಕಂಪನಿಯ ಎರಡು ಹಡಗುಗಳನ್ನು ಹಿಡಿಯಿತು. ಈಜಿಪ್ಟಿಗೆ ಬಂದಿಳಿದ ಬೊನಪಾರ್ಟ್‌ನ ಸುದ್ದಿಯೂ ಸೇರಿಕೊಂಡ ಮೇಲೆ ರೈನಿಯರ್ ತನ್ನ ಬಲದ ಹೆಚ್ಚಿನ ಭಾಗವನ್ನು ಪಶ್ಚಿಮ ಕರಾವಳಿಯ ಕಾವಲಿಗೆ ಹಾಕಿದನು. ಪೂರ್ವದ ಕಡಲು ತೆರವಾಯಿತು, ಲಾ ಫೋರ್ಟ್ ಅಲ್ಲಿ ಬೇಟೆಗಿಳಿಯಿತು, ಮದರಾಸಿನಲ್ಲಿದ್ದ ಸಿಬಿಲ್ ಫೆಬ್ರುವರಿ 19ರಂದು ಅದನ್ನು ಹುಡುಕಿ ಹೊರಟಿತು. ನೇತ್ರಾವತಿಯ ಅಳಿವೆಯಲ್ಲಿ ಇಳಿದ ನೂರು ಜನ ಬಾಲಸೋರ್‌ನ ಕಾಳಗಕ್ಕೆ ಹೀಗೆ ಸಂಬಂಧಿಸುತ್ತಾರೆ ಎಂಬುದು ತಿಂಗಳ ಪಟ್ಟಿಯನ್ನು ತುಂಬಿದ ಮೇಲೆ ಸ್ಪಷ್ಟವಾಗುತ್ತದೆ. ಯಾವುದೇ ಕಾಳಗದ ಪುಸ್ತಕಕ್ಕಿಂತ ಆ ಪಟ್ಟಿಯನ್ನು ನಾನು ಹೆಚ್ಚು ನೆಚ್ಚುವುದು ಈ ಕಾರಣಕ್ಕೆ.

ಲಂಡನ್ ಗೆಜೆಟ್‌ನ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಕ್ಯಾಪ್ಟನ್‌ಗಳ ವಿಜಯಪತ್ರಗಳು ಅಲ್ಲಿ ಮುದ್ರಿತವಾಗಿವೆ. ಅವು ಮುದ್ರಣಕ್ಕಾಗಿ ಆರಿಸಿದ ಪತ್ರಗಳು ಎಂಬುದು ನೆನಪಿರಲಿ. ಸೆರೆಹಡಗುಗಳ ಬಹುಮಾನದ ಹಣ ಹಂಚುವ ಸೂಚನೆಗಳೂ ಗೆಜೆಟ್‌ನಲ್ಲಿ ಬರುತ್ತವೆ. ಯಾವ ಹಡಗಿನ ಪಾಲು ಯಾವ ನೌಕೆಗಳಿಗೆ ಎಂದು ಅಲ್ಲಿ ಹೇಳುವುದರಿಂದ, ಅಂದು ಜೊತೆಯಲ್ಲಿದ್ದ ನೌಕೆಗಳು ಯಾವುವೆಂದು ಪರೀಕ್ಷಿಸಲು ಅವು ಸಹಾಯಕ.

ಎದುರಾಳಿಯ ಕಾಗದಗಳು

ಫ್ರೆಂಚ್ ಓದಬಲ್ಲವರು ಪ್ಯಾರಿಸ್ ಸಮೀಪದ ವಾಂಸೆನ್‌ನಲ್ಲಿರುವ ರಕ್ಷಣಾ ಇಲಾಖೆಯ ಐತಿಹಾಸಿಕ ಪತ್ರಾಗಾರವನ್ನೂ ಫ್ರಾನ್ಸಿನ ರಾಷ್ಟ್ರೀಯ ಪತ್ರಾಗಾರದ ನೌಕಾ ಸರಣಿಗಳನ್ನೂ ಬಿಡಬಾರದು. ಗೆದ್ದವರ ವರದಿಯಲ್ಲಿ ಶತ್ರುವಿನ ತೋಪುಗಳ ಮತ್ತು ಜನರ ಸಂಖ್ಯೆ ಸ್ವಲ್ಪ ಹಿಗ್ಗುವುದುಂಟು. ಲಾ ಫೋರ್ಟ್‌ನ ವಿಷಯದಲ್ಲಿ ಈ ಎಚ್ಚರಿಕೆ ಇನ್ನಷ್ಟು ಅಗತ್ಯ: ಅದು ಹಿಡಿದ ವರ್ತಕ ಹಡಗುಗಳನ್ನು ನಡೆಸಿಕೊಂಡು ಹೋಗಲು ತನ್ನ ಜನರನ್ನೇ ಕಳಿಸಿಕೊಡಬೇಕಾಗಿತ್ತು, ಆದ್ದರಿಂದ ಬಂದರು ಬಿಟ್ಟಾಗಿನ ಸಿಬ್ಬಂದಿಯ ಸಂಖ್ಯೆಯನ್ನು ಕಾಳಗದ ರಾತ್ರಿಗೆ ಹಾಗೆಯೇ ಅನ್ವಯಿಸುವಂತಿಲ್ಲ.

ನೌಕೆಯ ಮೈ

ಸಿಬಿಲ್, ಸಾನೆ ಎಂಬ ಫ್ರೆಂಚ್ ನೌಕಾಶಿಲ್ಪಿಯ ಹೆಬೆ ವರ್ಗಕ್ಕೆ ಸೇರಿದ್ದು. ಬ್ರಿಟಿಷರು 1782ರಲ್ಲಿ ಆ ವರ್ಗದ ಮೊದಲ ನೌಕೆಯಾದ ಹೆಬೆಯನ್ನು ಹಿಡಿದು, ಅದರ ಗೆರೆಗಳನ್ನೇ ಅನುಸರಿಸಿ ತಮ್ಮ ಲೀಡಾ ವರ್ಗವನ್ನು ಕಟ್ಟಿದರು. ಆ ವರ್ಗದ 'ಟ್ರಿಂಕೋಮಲಿ' ಬೊಂಬಾಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರ ಕೈಯಲ್ಲಿ ತೇಗದ ಮರದಿಂದ ನಿರ್ಮಾಣವಾಗಿ 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು, ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಅದರ ಮೊದಲ ನಕ್ಷೆಗಳನ್ನು ಹೊತ್ತಿದ್ದ 'ಜಾವಾ' ನೌಕೆ 1812ರ ಡಿಸೆಂಬರ್‌ನಲ್ಲಿ ಅಮೆರಿಕದ 'ಕಾನ್‌ಸ್ಟಿಟ್ಯೂಷನ್'ಗೆ ಸೋತು ನಾಶವಾದ್ದರಿಂದ ಬೊಂಬಾಯಿಗೆ ಎರಡನೆಯ ಪ್ರತಿಯನ್ನು ಕಳಿಸಬೇಕಾಯಿತು. ಸಿಬಿಲ್‌ನ ಕೆಳ ಅಂತಸ್ತಿನ ಎತ್ತರ, ತೋಪುಗಳ ನಡುವಿನ ಅಂತರ, ಇನ್ನೂರೈವತ್ತಕ್ಕೂ ಹೆಚ್ಚು ಜನ ಮಲಗುತ್ತಿದ್ದ ಜಾಗದ ಅಂದಾಜು ಬೇಕಾದವರು ಈ ಹತ್ತಿರದ ಸಂಬಂಧಿಯೊಳಗೆ ಒಮ್ಮೆ ನಡೆದು ನೋಡಬೇಕು.

ಕೊನೆಯ ವರ್ಷಗಳನ್ನು ಬಿಡದಿರುವುದು

ಪ್ರಸಿದ್ಧ ಕಾಳಗ ಮುಗಿದ ಮೇಲೆ ಬರೆಯುವವರ ಉತ್ಸಾಹ ಇಳಿಯುತ್ತದೆ. ಸಿಬಿಲ್‌ನಂಥ ನೌಕೆಗೆ ಇದರಿಂದ ದೊಡ್ಡ ಅನ್ಯಾಯವಾಗುತ್ತದೆ. ಲಾ ಫೋರ್ಟ್ ಜೊತೆಗಿನ ಕಾಳಗದಲ್ಲಿ ಕುಕ್ ತೀವ್ರವಾಗಿ ಗಾಯಗೊಂಡು ಕಲ್ಕತ್ತೆಯಲ್ಲಿ ಅದೇ ಮೇ ತಿಂಗಳಲ್ಲಿ ತೀರಿಕೊಂಡನು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನ ಸ್ಮಾರಕವನ್ನು ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿತು. ಅವನ ನಂತರ ಕಾಳಗವನ್ನು ನಡೆಸಿದ ಲೆಫ್ಟಿನೆಂಟ್ ಲೂಸಿಯಸ್ ಹಾರ್ಡಿಮನ್‌ಗೆ ಸೆರೆಸಿಕ್ಕ ಲಾ ಫೋರ್ಟನ್ನೇ ವಹಿಸಲಾಯಿತು, ಆ ನೌಕೆ 1801ರ ಜನವರಿಯಲ್ಲಿ ಜಿದ್ದಾ ಬಂದರಿನ ಬಳಿ ಒಡೆದುಹೋಯಿತು. ಸಿಬಿಲ್ ಮಾತ್ರ ಮುಂದುವರಿಯಿತು. ಕ್ಯಾಪ್ಟನ್ ಚಾರ್ಲ್ಸ್ ಆಡಮ್‌ನ ಕೈಕೆಳಗೆ ಅದು 1801ರ ಆಗಸ್ಟ್ 19ರಂದು ಸೇಶೆಲ್ಸ್‌ನ ಮಾಹೆಯಲ್ಲಿ ಹಿಡಿದ 'ಶಿಫೋನ್' ಎಂಬ ಫ್ರೆಂಚ್ ಫ್ರಿಗೇಟ್, ಬೊನಪಾರ್ಟ್‌ನ ಮೇಲಿನ ಹತ್ಯಾಪ್ರಯತ್ನದ ಆರೋಪ ಹೊತ್ತು ಗಡೀಪಾರಾದ ಪ್ಯಾರಿಸ್ಸಿನ ಜನರನ್ನು ಅಲ್ಲಿಗೆ ತಂದು ಇಳಿಸಿತ್ತು.

1827ರಿಂದ 1830ರವರೆಗೆ ಕಮೊಡೋರ್ ಫ್ರಾನ್ಸಿಸ್ ಕೋಲಿಯರ್‌ನ ಮುಖ್ಯ ನೌಕೆಯಾಗಿ ಸಿಬಿಲ್ ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಗುಲಾಮರ ಸಾಗಣೆಯನ್ನು ತಡೆಯುವ ಕೆಲಸದಲ್ಲಿತ್ತು. ಅದು ಹಿಡಿದ ಒಂದು ಗುಲಾಮ ಹಡಗನ್ನೇ 'ಬ್ಲ್ಯಾಕ್ ಜೋಕ್' ಎಂಬ ಹೆಸರಿನಲ್ಲಿ ಸಹಾಯಕ ನೌಕೆಯನ್ನಾಗಿ ಬಳಸಿಕೊಂಡರು. 1829ರ ಫೆಬ್ರುವರಿ 1ರಂದು ಬ್ಲ್ಯಾಕ್ ಜೋಕ್ 'ಎಲ್ ಅಲ್ಮಿರಾಂತೆ' ಎಂಬ ಹಡಗನ್ನು ಹಿಡಿದಾಗ ಒಳಗೆ 466 ಗುಲಾಮರಿದ್ದರು. ಈ ಅವಧಿಗೆ ಬೇರೆ ಬಗೆಯ ದಾಖಲೆಗಳನ್ನು ಹುಡುಕಬೇಕು. ಹಿಡಿದ ಹಡಗುಗಳ ವಿಚಾರಣೆ ಸಿಯೆರಾ ಲಿಯೋನ್‌ನ ಮಿಶ್ರ ನ್ಯಾಯಮಂಡಳಿಯಲ್ಲಿ ನಡೆಯುತ್ತಿತ್ತು, ಅದರ ಪತ್ರವ್ಯವಹಾರ ವಿದೇಶಾಂಗ ಇಲಾಖೆಯ ಎಫ್ಒ 84ರ ಸರಣಿಯಲ್ಲಿದೆ. ನೌಕಾದಳದ ವೈದ್ಯರ ದಿನಚರಿಗಳು ಎಡಿಎಂ 101ರಲ್ಲಿವೆ. ಹಳದಿ ಜ್ವರ ಸಿಬಿಲ್‌ನವರನ್ನು ಕೊಲ್ಲುತ್ತಿದ್ದಾಗ, ಅದು ಮುಟ್ಟುವುದರಿಂದ ಹರಡುವುದಿಲ್ಲ ಎಂದು ಹೆದರಿದ ನಾವಿಕರಿಗೆ ತೋರಿಸಲು ನೌಕೆಯ ವೈದ್ಯನು ರೋಗಿಯೊಬ್ಬನ ಕಪ್ಪು ವಾಂತಿಯನ್ನು ಎಲ್ಲರೆದುರು ಲೋಟದಲ್ಲಿ ಕುಡಿದನೆಂಬ ವೃತ್ತಾಂತ ಆ ಕಾಲದ ವೈದ್ಯಕೀಯ ಚರ್ಚೆಗಳಲ್ಲಿ ಪ್ರಸಿದ್ಧವಾಯಿತು. ತೋಪಿನ ಮುಂದೆ ನಿಂತವರ ಧೈರ್ಯಕ್ಕೆ ಕೊಡುವಷ್ಟೇ ಜಾಗವನ್ನು ಸೇವಾ ಚರಿತ್ರೆಯಲ್ಲಿ ಇದಕ್ಕೂ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬರಹಕ್ಕೆ ಇಳಿಸುವಾಗ

ಪಟ್ಟಿಯ ಮನೆಗಳು ತುಂಬಿದ ಮೇಲೆ ಕಮಿಷನ್‌ಗೆ ಒಂದು ಅಧ್ಯಾಯದಂತೆ ಬರೆಯಿರಿ. ಪ್ರತಿ ವಾಕ್ಯದ ಪಕ್ಕದಲ್ಲಿ ಅದರ ಆಧಾರವನ್ನು ಸರಣಿ ಮತ್ತು ಸಂಪುಟದ ಸಂಖ್ಯೆಯೊಂದಿಗೆ ಗುರುತಿಸಿ; ಲಾಗಿನಿಂದ ಬಂದ ದಿನಾಂಕವಾದರೆ ಅದು ನೌಕೆಯ ಲೆಕ್ಕದ್ದೋ ನೆಲದ ಲೆಕ್ಕದ್ದೋ ಎಂಬುದನ್ನೂ ಸೇರಿಸಿ. ಎರಡು ದಾಖಲೆಗಳು ಹೊಂದದಿದ್ದರೆ ಎರಡನ್ನೂ ಕೊಟ್ಟು, ಯಾವುದನ್ನು ಏಕೆ ಒಪ್ಪಿದ್ದೀರಿ ಎಂದು ಒಂದು ಸಾಲಿನಲ್ಲಿ ಹೇಳಿ. ಊರುಗಳ ಹೆಸರನ್ನು ಇಂದಿನ ರೂಪದಲ್ಲಿ ಬರೆದು, ದಾಖಲೆಯಲ್ಲಿರುವ ರೂಪವನ್ನು ಮೊದಲ ಸಲ ಬಂದಲ್ಲಿ ತಿಳಿಸಿದರೆ ಸಾಕು. ಖಾಲಿ ಉಳಿದ ಮನೆಗಳನ್ನು ಊಹೆಯಿಂದ ತುಂಬದೆ ಖಾಲಿಯಾಗಿಯೇ ಪ್ರಕಟಿಸಿ, ಯಾವ ಸಂಪುಟವನ್ನು ನೋಡಿ ಏನೂ ಸಿಗಲಿಲ್ಲ ಎಂಬುದನ್ನು ಅಲ್ಲಿಯೇ ಬರೆಯಿರಿ. ಅದೇ ನೌಕೆಯ ಬಗ್ಗೆ ಮುಂದೆ ಕೆಲಸ ಮಾಡುವವರು ಆ ಮನೆಯಿಂದಲೇ ಹುಡುಕಾಟ ಆರಂಭಿಸಬಹುದು.